ಮಗಳಿಗೆ ಬಿಎಸ್-ಎಂಡಿ ಸೀಟು ಸಿಗುತ್ತಾ? ಮಾರ್ಕ್ಸ್‌ಗಿಂತ ಮೊದಲು ವೀಸಾ ನೋಡಿ

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಊರು ಶಿವಮೊಗ್ಗ. ಮಗಳಿಗೆ 16 ವರ್ಷ, ಈಗ ಹನ್ನೊಂದನೇ ಕ್ಲಾಸು. ಚಿಕ್ಕವಳಿದ್ದಾಗಿನಿಂದ ಡಾಕ್ಟರ್ ಆಗ್ತೀನಿ ಅಂತಾಳೆ. ಸ್ಕೂಲಿನ ಸರಾಸರಿ ಅಂಕ (ಜಿಪಿಎ) 3.92, ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯಲ್ಲಿ 1510. ಬಯಾಲಜಿ, ಕೆಮಿಸ್ಟ್ರಿ, ಕ್ಯಾಲ್ಕುಲಸ್ ಸೇರಿ ಏಳು ಎಪಿ (ಕಾಲೇಜು ಮಟ್ಟದ ಸಬ್ಜೆಕ್ಟ್) ಮುಗಿಸುತ್ತಾಳೆ. ಫಿಸಿಕ್ಸ್ ಬೇಡ ಅಂತ ಸೈಕಾಲಜಿ ತಗೊಂಡಳು. ಹತ್ತು ವರ್ಷ ಭರತನಾಟ್ಯ ಕಲಿತಿದ್ದಾಳೆ. ಪ್ರತಿ ಶನಿವಾರ ವೃದ್ಧರ ನರ್ಸಿಂಗ್ ಹೋಮಿಗೆ ಹೋಗಿ ಒಬ್ಬ ಅಜ್ಜಿಗೆ ಪೇಪರ್ ಓದಿ ಹೇಳುತ್ತಾಳೆ. ಕಾಲೇಜು, ಮೆಡಿಕಲ್ ಎರಡಕ್ಕೂ ಒಟ್ಟಿಗೆ ಸೀಟು ಸಿಗುವ ಬಿಎಸ್-ಎಂಡಿ ಸೇರಿಸಬೇಕು ಅಂತ ನಮ್ಮ ಆಸೆ. ಒಬ್ಬ ಕನ್ಸಲ್ಟೆಂಟ್ 8,000 ಡಾಲರ್ ಕೇಳಿದ್ದಾರೆ. 14 ಕಡೆ ಅರ್ಜಿ ಹಾಕೋಣ, ಒಂದು ಕಡೆಯಾದರೂ ಗ್ಯಾರಂಟಿ, ನರ್ಸಿಂಗ್ ಹೋಮ್ ಬಿಟ್ಟು ರಿಸರ್ಚ್ ಪೇಪರ್ ಮಾಡಿಸಿ ಅಂತಾರೆ. ನಿಜವಾಗಿ ನಮಗೆ ಎಷ್ಟು ಪರ್ಸೆಂಟ್ ಚಾನ್ಸ್ ಇದೆ? ಇಲ್ಲಿ ಆಗದಿದ್ದರೆ ಊರಿಗೆ ಕಳಿಸಿ ಎಂಬಿಬಿಎಸ್ ಓದಿಸಬಹುದಾ? ಅಂದ ಹಾಗೆ ನಾವಿನ್ನೂ ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದೇವೆ. ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದೆ, ಸರದಿಯ ದಿನಾಂಕ (ಪ್ರಯಾರಿಟಿ ಡೇಟ್) 2016. ಮಗಳು ಹುಟ್ಟಿದ್ದು ಶಿವಮೊಗ್ಗದಲ್ಲೇ, ನಾಲ್ಕನೇ ವಯಸ್ಸಿಗೆ ಇಲ್ಲಿಗೆ ಬಂದಳು.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಪರ್ಸೆಂಟ್. ನನ್ನ ಕಣ್ಣು ನಿಂತಿದ್ದು ಮಾತ್ರ ನೀವು 'ಅಂದ ಹಾಗೆ' ಅಂತ ಕೊನೆಗೆ ಸೇರಿಸಿದ ಮಾತಿನ ಮೇಲೆ. ನಿಮ್ಮ ಮಗಳ ವಿಷಯದಲ್ಲಿ ಅದೇ ಮೊದಲು ಬರಬೇಕಾದ ಮಾತು. ಜಿಪಿಎ, ಎಸ್‌ಎಟಿ, ಭರತನಾಟ್ಯ ಎಲ್ಲಾ ಆಮೇಲೆ.

ಅಮೆರಿಕದ ಕಾಲೇಜಿನಲ್ಲಿ ಮೆಡಿಕಲ್‌ಗೆ ಹೋಗುವ ಮಕ್ಕಳಿಗೆ ಸಲಹೆ ಕೊಡುವ ಕೆಲಸ ನನ್ನದು. ಅನೇಕ ವರ್ಷ ಬಿಎಸ್-ಎಂಡಿ ಸಂದರ್ಶನಗಳಲ್ಲೂ ಕೂತಿದ್ದೇನೆ. ಅಪ್ಪ ಅಮ್ಮನ ಎಚ್-1ಬಿ ಆಸರೆಯಲ್ಲಿ ಎಚ್-4 ವೀಸಾದಲ್ಲಿರುವ ಮಕ್ಕಳ ಮನೆಯವರು ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ. ನಾಲ್ಕು ವರ್ಷ ಮಾರ್ಕ್ಸ್ ಹಿಂದೆ ಓಡುತ್ತಾರೆ. ಹನ್ನೆರಡನೇ ಕ್ಲಾಸಿನ ಅಕ್ಟೋಬರ್‌ನಲ್ಲಿ ಅರ್ಜಿ ತುಂಬಲು ಕೂತಾಗ 'ನೀವು ಅಮೆರಿಕದ ಪ್ರಜೆಯೇ ಅಥವಾ ಗ್ರೀನ್ ಕಾರ್ಡ್ ಇದೆಯೇ' ಅನ್ನುವ ಸಾಲು ಎದುರಾಗುತ್ತದೆ. ಆ ರಾತ್ರಿ ನನಗೆ ಫೋನ್ ಬರುತ್ತದೆ. ನೀವು ಹನ್ನೊಂದನೇ ಕ್ಲಾಸಿನಲ್ಲೇ ಬರೆದಿದ್ದೀರಿ. ಒಂದು ವರ್ಷ ಕೈಯಲ್ಲಿದೆ, ಒಳ್ಳೆಯದಾಯಿತು.

ಊರಲ್ಲಿ ಕೂತು ಇದನ್ನು ಓದುವವರಿಗಾಗಿ ಸ್ವಲ್ಪ ವಿವರ ಕೊಡುತ್ತೇನೆ. ಅಮೆರಿಕದಲ್ಲಿ ಪಿಯುಸಿ ಮುಗಿಸಿ ನೇರ ಎಂಬಿಬಿಎಸ್ ಸೇರುವ ಪದ್ಧತಿ ಇಲ್ಲ. ಮೊದಲು ನಾಲ್ಕು ವರ್ಷ ಕಾಲೇಜು. ಅಲ್ಲಿರುವಾಗಲೇ ಅಥವಾ ಮುಗಿದ ಮೇಲೆ ಎಂಕ್ಯಾಟ್ ಅನ್ನುವ ಮೆಡಿಕಲ್ ಪ್ರವೇಶ ಪರೀಕ್ಷೆ. ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್. 2024ರಲ್ಲಿ ಎಂಡಿ (ಇಲ್ಲಿ ಡಾಕ್ಟರ್ ಆಗುವ ಪದವಿ) ಕೊಡುವ ಸ್ಕೂಲ್‌ಗಳಿಗೆ ಸುಮಾರು 52,000 ಮಂದಿ ಅರ್ಜಿ ಹಾಕಿದರು, ಸೇರಿದವರು ಸುಮಾರು 23,000. ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿ ಆ ವರ್ಷ ಬರಿಗೈಯಲ್ಲಿ ವಾಪಸ್ಸಾದರು. ಈ ಭಯಕ್ಕೇ ಬಿಎಸ್-ಎಂಡಿ ಅಂದರೆ ಜನ ಮುಗಿಬೀಳುವುದು. ಹೈಸ್ಕೂಲ್ ಮುಗಿಸುವಾಗಲೇ ಕಾಲೇಜು ಮತ್ತು ಮೆಡಿಕಲ್ ಸ್ಕೂಲ್ ಎರಡಕ್ಕೂ ಒಟ್ಟಿಗೆ ಸೀಟು ಕೊಡುವ ವ್ಯವಸ್ಥೆ ಅದು. ಬ್ರೌನ್ ವಿಶ್ವವಿದ್ಯಾಲಯದ ಪಿಎಲ್‌ಎಂಇ ಎಂಟು ವರ್ಷದ್ದು. ಕಾನ್ಸಾಸ್ ಸಿಟಿಯ ಯುಎಂಕೆಸಿಯದು ಆರು ವರ್ಷದ್ದು. ನಿಮ್ಮ ಮನೆಗೆ ಹತ್ತಿರದ ಟಿಸಿಎನ್‌ಜೆ ಮತ್ತು ಎನ್‌ಜೆಐಟಿ ಕಾಲೇಜುಗಳು ನ್ಯೂಜೆರ್ಸಿ ಮೆಡಿಕಲ್ ಸ್ಕೂಲ್ ಜೊತೆ ಸೇರಿ ಏಳು ವರ್ಷದ್ದನ್ನು ನಡೆಸುತ್ತವೆ.

ಈಗ ನಿಮ್ಮ ಗಂಟಿಗೆ ಬರೋಣ.

ಈ ಕಾರ್ಯಕ್ರಮಗಳಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ನ್ಯೂಜೆರ್ಸಿಯ ಆ ಏಳು ವರ್ಷದವೂ ಅದನ್ನೇ ಕೇಳುತ್ತವೆ. ಮಗಳು ನಾಲ್ಕನೇ ವಯಸ್ಸಿನಿಂದ ಎಡಿಸನ್‌ನಲ್ಲೇ ಬೆಳೆದಿರಲಿ, ನೀವು ತೆರಿಗೆ ಕಟ್ಟುತ್ತಿರಲಿ, ಎಚ್-4 ಎಚ್-4ಯೇ. ಇದು ಅನ್ಯಾಯ ಅಂತ ನನಗೂ ಅನ್ನಿಸುತ್ತದೆ. ಆದರೆ ನಿಯಮ ಹಾಗಿದೆ. ಬ್ರೌನ್‌ನ ಪಿಎಲ್‌ಎಂಇ ಬೇರೆ ದೇಶದ ಪ್ರಜೆಗಳಿಗೂ ತೆರೆದಿದೆ, ಆದರೆ ಅದೇ ಎಲ್ಲಕ್ಕಿಂತ ಕಷ್ಟದ್ದು. ಅರ್ಜಿ ಹಾಕಿದ ನೂರರಲ್ಲಿ ಎರಡು-ಮೂರು ಮಂದಿಗೆ ಸಿಕ್ಕರೆ ಹೆಚ್ಚು.

ಹಾಗಾಗಿ ಕನ್ಸಲ್ಟೆಂಟ್ ಹೇಳಿದ 14ರ ಪಟ್ಟಿಯನ್ನು ಇವತ್ತೇ ತೆಗೆಯಿರಿ. ಒಂದೊಂದರ ವೆಬ್‌ಸೈಟಿನಲ್ಲಿ 'ಅರ್ಹತೆ' ಅನ್ನುವ ಭಾಗ ಓದಿ. ಅರ್ಥವಾಗದಿದ್ದರೆ ಆ ಕಾಲೇಜಿಗೆ ಇಮೇಲ್ ಬರೆದು ಕೇಳಿ: ಎಚ್-4 ವೀಸಾದಲ್ಲಿರುವ ವಿದ್ಯಾರ್ಥಿ ಅರ್ಜಿ ಹಾಕಬಹುದೇ? ಯಾವ ದಿನಾಂಕದ ಒಳಗೆ ಗ್ರೀನ್ ಕಾರ್ಡ್ ಕೈಯಲ್ಲಿರಬೇಕು? ಉತ್ತರ ಬರಹದಲ್ಲೇ ಪಡೆಯಿರಿ. ಹದಿನಾಲ್ಕರಲ್ಲಿ ಎರಡೋ ಮೂರೋ ಉಳಿಯಬಹುದು. ಈ ಒಂದು ಪ್ರಶ್ನೆಯನ್ನೂ ಕೇಳದೆ 'ಗ್ಯಾರಂಟಿ' ಅಂದವರಿಗೆ 8,000 ಡಾಲರ್ ಕೊಡಬೇಡಿ. ಬಿಎಸ್-ಎಂಡಿಯಲ್ಲಿ ಯಾರೂ ಗ್ಯಾರಂಟಿ ಕೊಡಲಾರರು. ಸೀಟು ಕೊಡುವ ಕಾಲೇಜಿನವರಿಗೇ ಮಾರ್ಚ್ ತನಕ ಯಾರಿಗೆ ಕೊಡುತ್ತೇವೆ ಅಂತ ಗೊತ್ತಿರುವುದಿಲ್ಲ.

ಇದಕ್ಕಿಂತ ದೊಡ್ಡ ವಿಷಯ 21ನೇ ಹುಟ್ಟುಹಬ್ಬ. ಎಚ್-4 ಮಗುವಿಗೆ 21 ತುಂಬಿದರೆ ನಿಮ್ಮ ವೀಸಾದ ನೆರಳು ತಪ್ಪುತ್ತದೆ. ಅಷ್ಟರೊಳಗೆ ಗ್ರೀನ್ ಕಾರ್ಡ್ ಆಗದಿದ್ದರೆ ಅವಳು ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ನಿಮ್ಮ ಗ್ರೀನ್ ಕಾರ್ಡ್ ಸಾಲಿನಲ್ಲಿ ಅವಳ ಜಾಗವೂ ಹೋಗುತ್ತದೆ. ಇವತ್ತು 16. ಹದಿನೆಂಟಕ್ಕೆ ಕಾಲೇಜು ಸೇರಿದರೆ, ಮೂರನೇ ವರ್ಷದ ಹೊತ್ತಿಗೆ 21. ಅಂದರೆ ಎಂಟು ವರ್ಷದ ಕೋರ್ಸ್ ಸಿಕ್ಕರೂ ಮೆಡಿಕಲ್ ಭಾಗ ಶುರುವಾಗುವ ಮೊದಲೇ ವೀಸಾ ಬದಲಾಗುವ ಸಾಧ್ಯತೆ ಇದೆ.

ಇಲ್ಲಿ ಒಂದು ಸಣ್ಣ ಆಸರೆ ಇದೆ. ಮಕ್ಕಳ ವಯಸ್ಸನ್ನು ಲೆಕ್ಕ ಹಾಕುವಾಗ ನಿಮ್ಮ ಐ-140 ಅರ್ಜಿ ಎಷ್ಟು ದಿನ ಬಾಕಿ ಇತ್ತೋ ಅಷ್ಟು ದಿನವನ್ನು ಕಳೆಯುತ್ತಾರೆ. ಅದು ಎಂಟು ತಿಂಗಳು ಬಾಕಿ ಇದ್ದರೆ ಮಗಳಿಗೆ ಎಂಟು ತಿಂಗಳು ಹೆಚ್ಚು ಸಿಗುತ್ತದೆ. ಬೇಗ ಆಗಲಿ ಅಂತ ಹೆಚ್ಚಿನ ಫೀಸು (ಪ್ರೀಮಿಯಂ) ಕಟ್ಟಿ ಎರಡು ವಾರದಲ್ಲಿ ಮುಗಿಸಿದ್ದರೆ ಎರಡು ವಾರವಷ್ಟೇ. ಆಗ ಬೇಗ ಆಯಿತು ಅಂತ ಎಲ್ಲರೂ ಖುಷಿಪಟ್ಟಿದ್ದೆವು, ಅಲ್ವಾ. ಜೊತೆಗೆ 2025ರ ಆಗಸ್ಟ್ 15ರಿಂದ ಈ ಲೆಕ್ಕಕ್ಕೆ, ಗ್ರೀನ್ ಕಾರ್ಡ್ ಸರದಿ ತಿಳಿಸುವ ವೀಸಾ ಬುಲೆಟಿನ್‌ನ ಎರಡು ಪಟ್ಟಿಗಳಲ್ಲಿ 'ಫೈನಲ್ ಆಕ್ಷನ್' ಪಟ್ಟಿಯನ್ನೇ ಹಿಡಿಯುತ್ತಾರೆ. ಅದು ಸಾಮಾನ್ಯವಾಗಿ ಹಿಂದೆ ಇರುವ ಪಟ್ಟಿ. ಹಾಗಾಗಿ ಲೆಕ್ಕ ಇನ್ನೂ ಬಿಗಿಯಾಗಿದೆ. ನಾನು ವಕೀಲಳಲ್ಲ. ನಿಮ್ಮ ಇಮಿಗ್ರೇಶನ್ ವಕೀಲರ ಹತ್ತಿರ ಐ-140ರ ಅರ್ಜಿ ದಿನಾಂಕ, ಮಂಜೂರಾದ ದಿನಾಂಕ, ಮಗಳ ಜನ್ಮದಿನ ಮೂರನ್ನೂ ಇಟ್ಟುಕೊಂಡು ಕೂತು ಲೆಕ್ಕ ಹಾಕಿಸಿ. ಕನ್ಸಲ್ಟೆಂಟ್‌ಗೆ ಕೊಡುವ ದುಡ್ಡಿನ ಒಂದು ಚೂರು ಸಾಕು ಇದಕ್ಕೆ.

ಪರ್ಸೆಂಟ್ ಬಗ್ಗೆ ಕೇಳಿದ್ದೀರಿ. ಹಿಂದೊಮ್ಮೆ ಒಬ್ಬ ತಂದೆ ಬಿಡದೆ ಕೇಳಿದಾಗ 'ಅರವತ್ತು ಪರ್ಸೆಂಟ್ ಆಗಬಹುದು' ಅಂದುಬಿಟ್ಟಿದ್ದೆ. ಹುಡುಗನಿಗೆ ಎಲ್ಲೂ ಸಿಗಲಿಲ್ಲ. ಅಪ್ಪ ಮಗನನ್ನು ತಿಂಗಳುಗಟ್ಟಲೆ ಮಾತಾಡಿಸಲಿಲ್ಲ. ನಾನು ಕೊಟ್ಟ ಒಂದು ಅಂಕಿ ಆ ಮನೆಯಲ್ಲಿ ಮಗನ ಸೋಲಾಯಿತು. ಅವತ್ತಿನಿಂದ ನಾನು ಅಂಕಿ ಹೇಳುವುದಿಲ್ಲ. ಹೇಳಲು ಬರುವುದೂ ಇಲ್ಲ. ಈ ಕಾರ್ಯಕ್ರಮಗಳಲ್ಲಿ ಸೀಟು ಹತ್ತು, ಇಪ್ಪತ್ತು, ಅರವತ್ತರ ಲೆಕ್ಕದಲ್ಲಿ ಇರುತ್ತವೆ. ಅರ್ಜಿ ಹಾಕುವವರೆಲ್ಲ ನಿಮ್ಮ ಮಗಳಂಥವರೇ. 1510 ಒಳ್ಳೆಯ ಸ್ಕೋರು. 3.92 ಒಳ್ಳೆಯ ಜಿಪಿಎ. ಆ ಗುಂಪಿನಲ್ಲಿ ಇವು ಸಾಧಾರಣ. ಇವು ಅವಳ ಫೈಲು ತೆರೆಸುತ್ತವೆ. ಅಷ್ಟೇ ಇವುಗಳ ಕೆಲಸ. ಎಸ್‌ಎಟಿಯನ್ನು ಇನ್ನೊಂದು ಸಲ ಬರೆದು 1540 ಮಾಡಿಕೊಂಡರೆ ಏನೂ ಬದಲಾಗುವುದಿಲ್ಲ. ಆ ಬೇಸಿಗೆ ಬೇರೆಯದಕ್ಕೆ ಬೇಕು.

ಬದಲಾಗಬೇಕಾದ್ದು ಫಿಸಿಕ್ಸ್. ಹನ್ನೆರಡನೇ ಕ್ಲಾಸಿನಲ್ಲಿ ಫಿಸಿಕ್ಸ್ ತಗೊಳ್ಳಲೇಬೇಕು. ಮೆಡಿಕಲ್ ಬೇಕು ಅನ್ನುವ ಮಗು ಫಿಸಿಕ್ಸ್ ತಪ್ಪಿಸಿಕೊಂಡರೆ ಫೈಲು ಓದುವವರು ಗಮನಿಸುತ್ತಾರೆ. ಇನ್ನೊಂದು ಕಾರಣವೂ ಇದೆ, ಊರಿನ ವಿಷಯ ಬಂದಾಗ ಹೇಳುತ್ತೇನೆ.

ಫೈಲು ತೆರೆದ ಮೇಲೆ ನೋಡುವುದು ಏನನ್ನು? ಹದಿನೇಳು ವರ್ಷದ ಮಗುವಿಗೆ ಎಂಟು ವರ್ಷ ಮುಂಚೆಯೇ ಡಾಕ್ಟರ್ ಸೀಟು ಬರೆದುಕೊಡುತ್ತಿದ್ದೇವೆ. ಈ ಮಗು ಮನಸ್ಸು ಬದಲಿಸುತ್ತಾ? ಕಾಯಿಲೆಯವರ ಹತ್ತಿರ ಕೂತು ಗೊತ್ತಾ? ಅಪ್ಪ ಅಮ್ಮನ ಆಸೆಯನ್ನು ಹೊತ್ತು ಬಂದಿದ್ದಾಳಾ? ಮೇಜಿನ ಈಚೆ ಕೂತವರ ಭಯ ಇದು.

ಎರಡು ಸಂದರ್ಶನ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಒಬ್ಬ ಹುಡುಗನ ಹೆಸರಲ್ಲಿ ಎರಡು ಪ್ರಬಂಧ ಪ್ರಕಟವಾಗಿದ್ದವು. ಕ್ಯಾನ್ಸರ್ ಕೋಶಗಳ ಬಗ್ಗೆ. 'ನೀನು ನೋಡಿದ ಒಬ್ಬ ರೋಗಿಯ ಬಗ್ಗೆ ಹೇಳಪ್ಪ' ಅಂದೆವು. ಅವನು ಪ್ರಬಂಧದ ಬಗ್ಗೆಯೇ ಹೇಳಿದ. ಮತ್ತೆ ಕೇಳಿದೆವು. ಆಸ್ಪತ್ರೆಯಲ್ಲಿ 200 ಗಂಟೆ ಕೆಲಸ ಮಾಡಿದ್ದೇನೆ ಅಂದ. ಒಬ್ಬರ ಮುಖವೂ ಅವನಿಗೆ ನೆನಪಿಗೆ ಬರಲಿಲ್ಲ.

ಇನ್ನೊಬ್ಬ ಹುಡುಗನ ಮನೆಯಲ್ಲಿ ಅಜ್ಜಿಗೆ ಡಯಾಲಿಸಿಸ್. ವಾರಕ್ಕೆ ಮೂರು ದಿನ. ಬೇಸಿಗೆ ರಜೆಯಲ್ಲಿ ಕರೆದುಕೊಂಡು ಹೋಗುವುದು ಇವನ ಕೆಲಸ. ನೀರು ಕಡಿಮೆ ಕುಡಿಯಬೇಕು ಅಂತ ನರ್ಸ್ ಇಂಗ್ಲಿಷಿನಲ್ಲಿ ಹೇಳಿದರೆ ಅಜ್ಜಿ ತಲೆ ಆಡಿಸುತ್ತಿದ್ದರಂತೆ. ಮನೆಗೆ ಬಂದು 'ಬಾಯಾರುತ್ತೆ ಕಣೋ' ಅಂತ ಚೊಂಬು ಎತ್ತುತ್ತಿದ್ದರಂತೆ. ಒಂದು ದಿನ ಅವನು ಬೆಳಿಗ್ಗೆ ಒಂದು ಸ್ಟೀಲ್ ತಂಬಿಗೆಯಲ್ಲಿ ದಿನದ ಲೆಕ್ಕದ ನೀರು ತುಂಬಿ ಅಡುಗೆಮನೆ ಕಟ್ಟೆ ಮೇಲಿಟ್ಟ. ಕಾಫಿಗೂ ಇದೇ, ಮಾತ್ರೆಗೂ ಇದೇ, ಸಾರಿನ ನೀರೂ ಇದರಲ್ಲೇ ಕಳೆಯಬೇಕು ಅಂತ ಹೇಳಿದ. ಸಂಜೆ ಐದಕ್ಕೆ ತಂಬಿಗೆ ಖಾಲಿ. ಅಜ್ಜಿ ಅತ್ತರು. ಅವನು ಅಲ್ಲಿಗೆ ನಿಲ್ಲಿಸಿ ನಮ್ಮನ್ನು ನೋಡಿ ಹೇಳಿದ: 'ಮರುದಿನ ಅವರ ಜೊತೆ ನಾನೂ ಅಷ್ಟೇ ನೀರು ಕುಡಿದೆ. ಮಧ್ಯಾಹ್ನ ಮೂರಕ್ಕೆ ನನ್ನ ಕೈಯಲ್ಲಿ ಆಗಲಿಲ್ಲ. ಆಮೇಲೆ ನಾನು ಅವರಿಗೆ ಬೈಯಲಿಲ್ಲ.' ಅವನ ಎಸ್‌ಎಟಿ ಎಷ್ಟಿತ್ತು ಅಂತ ನನಗೆ ಈಗ ನೆನಪಿಲ್ಲ. ತಂಬಿಗೆ ನೆನಪಿದೆ. ಅವನಿಗೆ ಸೀಟು ಸಿಕ್ಕಿತು.

ಹಾಗಾಗಿ ನಿಮ್ಮ ಮಗಳು ಶನಿವಾರದ ಆ ಅಜ್ಜಿಯನ್ನು ಬಿಡುವ ಮಾತೇ ಬೇಡ. ನಿಮ್ಮ ಇಡೀ ಪತ್ರದಲ್ಲಿ ನನಗೆ ಅವಳು ಕಂಡಿದ್ದು ಅಲ್ಲೊಂದೇ ಕಡೆ. ರಿಸರ್ಚ್ ಕೆಟ್ಟದ್ದಲ್ಲ. ನಿಜವಾದ ಕುತೂಹಲ ಇದ್ದು, ಒಂದು ಲ್ಯಾಬಿನಲ್ಲಿ ಬೀಕರ್ ತೊಳೆಯುವುದರಿಂದ ಶುರು ಮಾಡಿದರೆ ಬಹಳ ಒಳ್ಳೆಯದು. ದುಡ್ಡು ಕೊಟ್ಟು ಹೆಸರು ಹಾಕಿಸಿಕೊಳ್ಳುವ ಪೇಪರ್‌ಗಳು ಈಗ ಎಲ್ಲೆಲ್ಲೂ ಇವೆ. ಓದುವವರಿಗೆ ಅವು ಗೊತ್ತಾಗುತ್ತವೆ. ನಾಲ್ಕು ಪ್ರಶ್ನೆ ಕೇಳಿದರೆ ಸಾಕು, ಮಗು ತಡವರಿಸುತ್ತದೆ. ಅದನ್ನು ನೋಡುವುದು ನಮಗೂ ಸಂಕಟ.

ಬಿಎಸ್-ಎಂಡಿ ಬಗ್ಗೆ ಹಬ್ಬಿರುವ ಕೆಲವು ಮಾತುಗಳನ್ನೂ ಇಲ್ಲೇ ಸರಿ ಮಾಡಿಬಿಡುತ್ತೇನೆ. ಸೀಟು ಸಿಕ್ಕರೆ ಡಾಕ್ಟರ್ ಆದ ಹಾಗೇ ಅಂತಾರೆ. ಅದು ಷರತ್ತಿನ ಸೀಟು. ಕಾಲೇಜಿನಲ್ಲಿ ಪ್ರತಿ ವರ್ಷ ಇಷ್ಟು ಜಿಪಿಎ ಉಳಿಸಿಕೊಳ್ಳಬೇಕು ಅಂತ ಇರುತ್ತದೆ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಒಂದು ಸೆಮಿಸ್ಟರ್ ಎಡವಿ ಸೀಟು ಕಳೆದುಕೊಂಡ ಮಕ್ಕಳನ್ನು ನಾನು ಸಮಾಧಾನ ಮಾಡಿದ್ದೇನೆ. ಎಂಕ್ಯಾಟ್ ಬರೆಯಬೇಕಾಗಿಲ್ಲ ಅಂತಾರೆ. ಬ್ರೌನ್‌ನಲ್ಲಿ, ಯುಎಂಕೆಸಿಯಲ್ಲಿ ಬೇಡ. ಬೇರೆ ಕೆಲವು ಕಡೆ ಬರೆಯಲೇಬೇಕು, ಇಷ್ಟು ಸ್ಕೋರು ಬರಲೇಬೇಕು. ಟೈಮ್ ಉಳಿಯುತ್ತೆ ಅಂತಾರೆ. ಆರು-ಏಳು ವರ್ಷದವುಗಳಲ್ಲಿ ಉಳಿಯುತ್ತದೆ. ಹೆಚ್ಚಿನವು ಎಂಟು ವರ್ಷದವು, ಮಾಮೂಲಿ ದಾರಿಗೂ ಅಷ್ಟೇ ಬೇಕು. ಇನ್ನೊಂದು ವಿಷಯ, ಈ ಕಾರ್ಯಕ್ರಮಗಳು ಮುಚ್ಚಿಯೂ ಹೋಗುತ್ತವೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಚ್‌ಪಿಎಂಇ ಅನ್ನುವ ಬಿಎಸ್-ಎಂಡಿ ಒಂದು ಕಾಲಕ್ಕೆ ನಮ್ಮ ಮಕ್ಕಳ ಮನೆಮಾತಾಗಿತ್ತು. ಈಗ ಹೊಸಬರನ್ನು ತಗೊಳ್ಳುವುದಿಲ್ಲ. ಹಳೆಯ ಪಟ್ಟಿ ನಂಬಬೇಡಿ.

ದುಡ್ಡಿನ ಮಾತು ನೀವು ಕೇಳಲಿಲ್ಲ. ನಾನೇ ಹೇಳಬೇಕು. ಅಮೆರಿಕದ ಪ್ರಜೆಗಳಿಗೂ ಈಗ ಮೆಡಿಕಲ್ ಸಾಲ ಬಿಗಿಯಾಗಿದೆ. 2025ರ ಜುಲೈನಲ್ಲಿ ಬಂದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಗ್ರಾಡ್ ಪ್ಲಸ್ ಅನ್ನುವ ಸರ್ಕಾರಿ ಸಾಲ ಇಲ್ಲ. ಮೆಡಿಕಲ್ ವಿದ್ಯಾರ್ಥಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಮಿತಿ. ಖಾಸಗಿ ಮೆಡಿಕಲ್ ಸ್ಕೂಲಿನ ನಾಲ್ಕು ವರ್ಷದ ಫೀಸು ಮತ್ತು ಊಟ-ವಸತಿಗೆ ಅದು ಸಾಲುವುದಿಲ್ಲ. ಎಚ್-4 ಅಥವಾ ಎಫ್-1 ಇದ್ದವರಿಗೆ ಸರ್ಕಾರಿ ಸಾಲವೇ ಇಲ್ಲ. ಖಾಸಗಿ ಬ್ಯಾಂಕುಗಳು ಸಾಮಾನ್ಯವಾಗಿ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವ ಜಾಮೀನುದಾರರನ್ನು ಕೇಳುತ್ತವೆ. ಎಚ್-1ಬಿ ಅಪ್ಪನ ಸಹಿ ಅಲ್ಲಿ ನಡೆಯುವುದು ಕಷ್ಟ. ಕೆಲವು ಮೆಡಿಕಲ್ ಸ್ಕೂಲ್‌ಗಳು ವಿದೇಶಿ ವಿದ್ಯಾರ್ಥಿಗಳಿಂದ ನಾಲ್ಕು ವರ್ಷದ ದುಡ್ಡನ್ನು ಮುಂಚೆಯೇ ಒಂದು ಖಾತೆಯಲ್ಲಿ ಇಡಿಸುತ್ತವೆ. ಈ ಮಾತನ್ನು ಮಗಳ ಮುಂದೆ ಮುಚ್ಚಿಡಬೇಡಿ. ಹದಿನಾರು ವರ್ಷಕ್ಕೆ ಇದು ಅರ್ಥವಾಗುತ್ತದೆ. ಇಪ್ಪತ್ತೆರಡಕ್ಕೆ ತಿಳಿದರೆ ನೋವು ಜಾಸ್ತಿ.

ಹಾಗಾದರೆ ದಾರಿ ಯಾವುದು? ನನ್ನ ಅನುಭವದಲ್ಲಿ ನಿಮ್ಮಂಥ ಮನೆಗೆ ಎಲ್ಲಕ್ಕಿಂತ ಗಟ್ಟಿ ದಾರಿ ಮಾಮೂಲಿ ದಾರಿಯೇ. ಬಿಎಸ್-ಎಂಡಿಯಲ್ಲಿ ಅವಳು ಅರ್ಹಳಾಗಿರುವ ಎರಡು-ಮೂರು ಕಡೆ ಹಾಕಲಿ. ಬ್ರೌನ್ ಅದರಲ್ಲಿ ಇರಲಿ. ಕಾಲೇಜಿನ ನಾಲ್ಕು ವರ್ಷಕ್ಕೆ ಬ್ರೌನ್ 2025ರಲ್ಲಿ ಸೇರಿದ ತಂಡದಿಂದ ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನೂ ದುಡ್ಡಿನ ಅಗತ್ಯ ನೋಡದೆ ಪರಿಶೀಲಿಸುತ್ತಿದೆ. ಮೆಡಿಕಲ್ ವರ್ಷಗಳ ದುಡ್ಡಿನ ಲೆಕ್ಕ ಬೇರೆ, ಅದನ್ನು ಅವರನ್ನೇ ಕೇಳಿ. ಉಳಿದ ಶಕ್ತಿಯನ್ನೆಲ್ಲ ಒಂದು ಒಳ್ಳೆಯ, ಕೈಗೆಟುಕುವ ಕಾಲೇಜು ಹುಡುಕಲು ಹಾಕಿ. ಹತ್ತಿರ ಆಸ್ಪತ್ರೆ ಇರಬೇಕು. ಪ್ರೊಫೆಸರ್‌ಗಳು ಹೆಸರು ಹಿಡಿದು ಕರೆಯುವಷ್ಟು ಸಣ್ಣ ಕ್ಲಾಸುಗಳಿದ್ದರೆ ಒಳ್ಳೆಯದು. ಸಾಲ ಆದಷ್ಟು ಕಡಿಮೆ ಇರಬೇಕು. ಮೆಡಿಕಲ್ ಸೀಟಿಗೆ ಕಾಲೇಜಿನ ಎರಡನೇ ವರ್ಷದಲ್ಲೇ ಅರ್ಜಿ ಹಾಕುವ ಅರ್ಲಿ ಅಶ್ಯೂರೆನ್ಸ್ ಅನ್ನುವ ವ್ಯವಸ್ಥೆಯೂ ಇದೆ. ನ್ಯೂಯಾರ್ಕ್‌ನ ಮೌಂಟ್ ಸಿನೈ ಮೆಡಿಕಲ್ ಸ್ಕೂಲಿನ ಫ್ಲೆಕ್ಸ್‌ಮೆಡ್ ಅಂಥದ್ದು. ಅಷ್ಟರಲ್ಲಿ ಅವಳಿಗೆ ಇಪ್ಪತ್ತು ಆಗಿರುತ್ತದೆ, ಗ್ರೀನ್ ಕಾರ್ಡಿನ ಚಿತ್ರವೂ ಸ್ವಲ್ಪ ಸ್ಪಷ್ಟವಾಗಿರುತ್ತದೆ. ಅಲ್ಲೂ ಅರ್ಹತೆಯ ನಿಯಮ ಮೊದಲು ಓದಬೇಕು.

ಮಾಮೂಲಿ ದಾರಿಯ ಅಪಾಯ ಏನು ಅಂತಲೂ ಹೇಳಬೇಕು. ಎಫ್-1ಗೆ ಬದಲಾದರೆ ಅವಳು ವಿದೇಶಿ ವಿದ್ಯಾರ್ಥಿನಿ. ಅಮೆರಿಕದ ಅನೇಕ ಸರ್ಕಾರಿ ಮೆಡಿಕಲ್ ಸ್ಕೂಲ್‌ಗಳು ವಿದೇಶಿಯರನ್ನು ತಗೊಳ್ಳುವುದೇ ಇಲ್ಲ. ತಗೊಳ್ಳುವ ಖಾಸಗಿ ಸ್ಕೂಲ್‌ಗಳಲ್ಲೂ ಸೀಟು ಬೆರಳೆಣಿಕೆ. ಅಲ್ಲಿಗೆ ಹೋಗುವವರ ಎಂಕ್ಯಾಟ್ ಬಹಳ ಮೇಲಿರಬೇಕು. ಸೇರುವ ಎಲ್ಲ ಮಕ್ಕಳ ಸರಾಸರಿಯೇ 528ಕ್ಕೆ ಸುಮಾರು 512. ಇವಳಿಗೆ ಅದಕ್ಕಿಂತ ಮೇಲೆ ಬೇಕಾಗುತ್ತದೆ. ಕಷ್ಟ ಇದೆ, ಮುಚ್ಚಿಡುವುದಿಲ್ಲ. ಆದರೂ ಈ ದಾರಿಯಲ್ಲಿ ಅವಳಿಗೆ ನಾಲ್ಕು ವರ್ಷ ಟೈಮ್ ಸಿಗುತ್ತದೆ. ಮನಸ್ಸು ಬದಲಾದರೆ ಪಬ್ಲಿಕ್ ಹೆಲ್ತ್, ನರ್ಸಿಂಗ್, ಬಯಾಲಜಿಯ ಸಂಶೋಧನೆ ಯಾವುದೂ ಕೈತಪ್ಪುವುದಿಲ್ಲ. ಬೇಗ ಆಗಬೇಕು ಅನ್ನುವ ಆತುರವನ್ನೂ ಬಿಡಿ. ಅಮೆರಿಕದಲ್ಲಿ ಮೆಡಿಕಲ್ ಸ್ಕೂಲ್ ಸೇರುವವರ ಸರಾಸರಿ ವಯಸ್ಸೇ ಸುಮಾರು 24. ಬಹುಪಾಲು ಮಕ್ಕಳು ಕಾಲೇಜಿನ ನಂತರ ಒಂದೆರಡು ವರ್ಷ ಕೆಲಸ ಮಾಡಿಯೇ ಸೇರುತ್ತಾರೆ.

ಇನ್ನು ಊರಿನ ಮಾತು. ನಿಮಗೆ ಗೊತ್ತಿಲ್ಲದೇ ಇರಬಹುದಾದ ಒಂದು ಅನುಕೂಲ ಇಲ್ಲಿದೆ. ಮಗಳು ಶಿವಮೊಗ್ಗದಲ್ಲಿ ಹುಟ್ಟಿದವಳು, ಇನ್ನೂ ಭಾರತದ ಪ್ರಜೆ. ಅಮೆರಿಕದಲ್ಲಿ ಬಾಗಿಲು ಮುಚ್ಚುವ ಅದೇ ಕಾಗದ ನೀಟ್‌ಗೆ ಬಾಗಿಲು ತೆರೆಯುತ್ತದೆ. ನಿಮ್ಮ ಪಕ್ಕದ ಮನೆಯ, ಇಲ್ಲೇ ಹುಟ್ಟಿ ಅಮೆರಿಕದ ಪ್ರಜೆಗಳಾಗಿ ಭಾರತದ ಒಸಿಐ ಕಾರ್ಡ್ ಹಿಡಿದ ಮಕ್ಕಳ ಸ್ಥಿತಿ ಬೇರೆ. 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆ ಅವರನ್ನು ಎನ್‌ಆರ್‌ಐ ಸೀಟುಗಳಿಗೆ ಸೀಮಿತ ಮಾಡಿತು. ಆ ದಿನಕ್ಕಿಂತ ಮೊದಲು ಒಸಿಐ ಪಡೆದವರಿಗೆ ಇದು ಅನ್ವಯಿಸದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಮಗಳಿಗೆ ಈ ತಾಪತ್ರಯ ಇಲ್ಲ. ಅವಳು ಸರ್ಕಾರಿ ಕಾಲೇಜುಗಳ ಶೇ. 15ರ ಅಖಿಲ ಭಾರತ ಕೋಟಾಕ್ಕೂ, ಡೀಮ್ಡ್ ವಿಶ್ವವಿದ್ಯಾಲಯಗಳಿಗೂ ಅರ್ಜಿ ಹಾಕಬಹುದು. ನೀವು ಎನ್‌ಆರ್‌ಐ ಆಗಿರುವುದರಿಂದ ಆ ಕೋಟಾವೂ ಇದೆ, ಫೀಸು ಮಾತ್ರ ದೊಡ್ಡದು. ಕರ್ನಾಟಕದ ಸರ್ಕಾರಿ ಕೋಟಾ ಸಿಗುವುದು ಕಷ್ಟ. ಅದಕ್ಕೆ ಸಾಮಾನ್ಯವಾಗಿ ಕರ್ನಾಟಕದಲ್ಲಿ 7 ವರ್ಷ ಓದಿರಬೇಕು. ನಾಲ್ಕನೇ ವಯಸ್ಸಿಗೇ ಬಂದವಳಿಗೆ ಅದು ಹೊಂದುವುದಿಲ್ಲ.

ಫಿಸಿಕ್ಸ್ ಮಾತು ನೆನಪಿದೆಯಾ? ನೀಟ್ ಬರೆಯಲು ಹನ್ನೆರಡನೇ ಕ್ಲಾಸಿನ ಮಟ್ಟದ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಬೇಕು. ಅಮೆರಿಕದ ಸರ್ಟಿಫಿಕೇಟು ಅದಕ್ಕೆ ಸಮ ಅಂತ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ (ಎಐಯು) ಪತ್ರವನ್ನೂ ಪಡೆಯಬೇಕು. ಫಿಸಿಕ್ಸ್ ಬಿಟ್ಟರೆ ಆ ಬಾಗಿಲು ನೀವೇ ಮುಚ್ಚಿದ ಹಾಗೆ. ಆದರೆ ಬಾಗಿಲು ತೆರೆದಿದೆ ಅಂದರೆ ಸುಲಭ ಅಂತಲ್ಲ. 2025ರಲ್ಲಿ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು. ಪ್ರಶ್ನೆಗಳು ಎನ್‌ಸಿಇಆರ್‌ಟಿ ಪುಸ್ತಕದ ಸಾಲುಗಳಿಂದ ಬರುತ್ತವೆ. ಎಪಿ ಓದಿದ ಮಕ್ಕಳು 'ಇದು ಬೇರೆಯೇ ಆಟ' ಅಂತಾರೆ. ಒಂದು ಪೂರ್ತಿ ವರ್ಷ ಅದಕ್ಕೇ ಕೂರಬೇಕು. ಅಮೆರಿಕದಲ್ಲಿ ಪರೀಕ್ಷಾ ಕೇಂದ್ರವೂ ಇಲ್ಲ. ಹೊರದೇಶದ ಕೇಂದ್ರಗಳು ದುಬೈ, ದೋಹಾ, ಸಿಂಗಪುರದ ಕಡೆ. ಊರಿಗೇ ಹೋಗಿ ಬರೆಯುವುದು ವಾಸಿ.

ಓದಿ ಬಂದ ಮೇಲೆ? ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಮೆರಿಕಕ್ಕೆ ವಾಪಸ್ ಬರಬೇಕಾದರೆ ಇಲ್ಲಿನ ವೈದ್ಯರ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇ ಬರೆದು, ಆಸ್ಪತ್ರೆ ತರಬೇತಿಯ (ರೆಸಿಡೆನ್ಸಿ) ಸೀಟು ಹಂಚುವ ಮ್ಯಾಚ್‌ನಲ್ಲಿ ಗೆಲ್ಲಬೇಕು. 2025ರಲ್ಲಿ ಅಮೆರಿಕದ ಎಂಡಿ ಓದಿದ ಹೊಸಬರಲ್ಲಿ ನೂರಕ್ಕೆ 93ಕ್ಕೂ ಹೆಚ್ಚು ಮಂದಿಗೆ ರೆಸಿಡೆನ್ಸಿ ಸಿಕ್ಕಿತು. ಹೊರದೇಶದಲ್ಲಿ ಓದಿದ, ಅಮೆರಿಕದ ಪ್ರಜೆಗಳಲ್ಲದವರಲ್ಲಿ ನೂರಕ್ಕೆ 58 ಮಂದಿಗೆ. ಆಮೇಲೆ ವೀಸಾ ಮತ್ತೆ ಎದುರಿಗೆ ಬರುತ್ತದೆ. 'ಊರಲ್ಲಿ ಓದಿ ವಾಪಸ್ ಬರಲಿ' ಅನ್ನುವವರಿಗೆ ನಾನು ಈ ಅಂಕಿ ಹೇಳುತ್ತೇನೆ. ಅವಳು ಊರಲ್ಲೇ ಡಾಕ್ಟರಾಗಿ ಇರಲು ಇಷ್ಟಪಟ್ಟರೆ ಇದು ಬಹಳ ಒಳ್ಳೆಯ ದಾರಿ, ಇಲ್ಲಿಗಿಂತ ಬೇಗವೂ ಆಗುತ್ತದೆ. ಎಡಿಸನ್‌ಗೆ ಮರಳಲೇಬೇಕು ಅಂತಿದ್ದರೆ ಇದು ಸುತ್ತುದಾರಿ. ಹದಿನೆಂಟರ ಹುಡುಗಿ ಬೇಸಿಗೆ ರಜೆಗಷ್ಟೇ ನೋಡಿದ ಊರಿನ ಹಾಸ್ಟೆಲಿನಲ್ಲಿ ಐದು ವರ್ಷ ಇರಬಲ್ಲಳಾ? ಈ ಡಿಸೆಂಬರ್‌ನಲ್ಲಿ ಶಿವಮೊಗ್ಗಕ್ಕೆ ಹೋದರೆ ಗೊತ್ತಿರುವ ಯಾರಾದರೂ ಡಾಕ್ಟರ ಕ್ಲಿನಿಕ್ಕಿನಲ್ಲಿ ಅವಳನ್ನು ನಾಲ್ಕು ದಿನ ಕೂರಿಸಿ. ಬೆಂಚಿನ ತುಂಬ ಜನ, ಒಬ್ಬೊಬ್ಬರಿಗೆ ಮೂರು-ನಾಲ್ಕು ನಿಮಿಷ. ಅಲ್ಲಿ ಅವಳ ಮುಖ ಅರಳುತ್ತದೋ ಬಾಡುತ್ತದೋ ನಿಮಗೇ ಕಾಣುತ್ತದೆ.

ಕೆರಿಬಿಯನ್ ದ್ವೀಪಗಳ ಮೆಡಿಕಲ್ ಕಾಲೇಜುಗಳ ಜಾಹೀರಾತು ನಿಮ್ಮ ಫೋನಿಗೂ ಬರುತ್ತಿರಬಹುದು. ನಿಮ್ಮ ಸ್ಥಿತಿಯಲ್ಲಿ ಅಲ್ಲಿಗೆ ಹೋಗಿ ಅಂತ ನಾನು ಹೇಳುವುದಿಲ್ಲ. ಸಾಲ ಸಿಗದೆ ಅಷ್ಟು ದುಡ್ಡು ಕಟ್ಟಿ, ಕೊನೆಗೆ ಹೊರದೇಶದಲ್ಲಿ ಓದಿದವರ ಸಾಲಿನಲ್ಲೇ ನಿಲ್ಲಬೇಕಾಗುತ್ತದೆ.

ಈಗ ನಿಮ್ಮ ಕೈಯಲ್ಲಿರುವ ತಿಂಗಳುಗಳು. ವಕೀಲರ ಭೇಟಿ ಈ ತಿಂಗಳೇ ಆಗಲಿ. ಮುಂದಿನ ವರ್ಷಕ್ಕೆ ಸಬ್ಜೆಕ್ಟ್ ಆರಿಸುವಾಗ ಫಿಸಿಕ್ಸ್ ಹಾಕಿಸಿ. ಕಾಲೇಜುಗಳಿಗೆ ಇಮೇಲ್ ಮಗಳೇ ಬರೆಯಲಿ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅನೇಕ ಬಿಎಸ್-ಎಂಡಿಗಳ ಕೊನೆಯ ದಿನ ನವೆಂಬರ್ ಆಸುಪಾಸಿನಲ್ಲೇ ಬಂದುಬಿಡುತ್ತದೆ. ಪ್ರತಿ ಕಡೆಯೂ 'ಯಾಕೆ ವೈದ್ಯಕೀಯ, ಯಾಕೆ ಈಗಲೇ' ಅಂತ ಪ್ರಬಂಧ ಕೇಳುತ್ತಾರೆ. ಅದಕ್ಕೆ ಈಗಿನಿಂದಲೇ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಲಿ. ಶನಿವಾರ ಮನೆಗೆ ಬಂದ ಕೂಡಲೇ ನಾಲ್ಕು ಸಾಲು. ಅಜ್ಜಿ ಇವತ್ತು ಯಾವ ಸುದ್ದಿಯನ್ನು ಎರಡು ಸಲ ಓದಿಸಿದರು, ಯಾವಾಗ ಸುಸ್ತಾದರು, ಯಾವುದಕ್ಕೆ ಸಿಟ್ಟು ಬಂತು. ಭಾಷೆ ಚೆನ್ನಾಗಿರಬೇಕಾಗಿಲ್ಲ. ಅದನ್ನು ನೀವು ತಿದ್ದಬೇಡಿ, ನೋಡಲೂ ಬೇಡಿ.

ಕೊನೆಗೆ ಒಂದು ವಿಷಯ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ 'ನಮ್ಮ ಆಸೆ' ಇದೆ, 'ನಮಗೆ ಎಷ್ಟು ಚಾನ್ಸ್' ಇದೆ. ಮಗಳು ಮಾತಾಡಿದ್ದು ಒಂದೇ ಸಲ, ಅದೂ ಚಿಕ್ಕವಳಿದ್ದಾಗಿನ ಮಾತು. ನಿಮ್ಮ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಇಷ್ಟು ವರ್ಷದ ಎಚ್-1ಬಿ ಓಟದಲ್ಲಿ ಮಕ್ಕಳ ಭವಿಷ್ಯವನ್ನೂ ಅಪ್ಪ ಅಮ್ಮನೇ ಎಳೆಯಬೇಕಾಗಿ ಬರುತ್ತದೆ, ಅದೂ ಗೊತ್ತು. ಆದರೆ ಇಪ್ಪತ್ತೊಂದರ ಲೆಕ್ಕ, ದುಡ್ಡಿನ ಲೆಕ್ಕ, ಊರಿನ ದಾರಿ ಎಲ್ಲವನ್ನೂ ಅವಳ ಮುಂದೆ ಹರವಿ, ಒಂದು ವಾರ ಬಿಟ್ಟು ಅವಳನ್ನೇ ಕೇಳಿ. ನನಗೆ ಮುಂದಿನ ಪತ್ರವನ್ನು ಅವಳೇ ಬರೆಯಲಿ. ಕನ್ನಡ ಬರೆಯಲು ಕಷ್ಟವಾದರೆ ಇಂಗ್ಲಿಷಿನಲ್ಲೇ ಬರೆಯಲಿ. ನಾನು ಉತ್ತರ ಕೊಡುತ್ತೇನೆ.